ರೆಡಿ ಒಳಗೆ ಟೈಮರ್ ಇಟ್ಟು ಪೇಚಿಗೆ ಸಿಕ್ಕಿದ್ದು

ಬ್ಯಾಡಗಿಯಲ್ಲಿ ನಮ್ಮ ಕಾಕಾನದು ಮೆಣಸಿನಕಾಯಿ ದಲಾಲಿ ಅಂಗಡಿ. ಅದರ ಲೆಕ್ಕಕ್ಕೆ ನಾನು ಹುಬ್ಬಳ್ಳಿಯಲ್ಲಿ ಕೂತು ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಒಂದು ಸಾಫ್ಟ್‌ವೇರ್ ಬರೆದೆ. ಆವಕ, ತೂಕ, ಬಿಲ್, ಮೆಸೇಜ್ ಅಂತ ನಾಲ್ಕು ಮಾಡ್ಯೂಲ್. ಜ್ಯಾಂಗೋ ಇವನ್ನೂ ಆ್ಯಪ್ ಅಂತಲೇ ಕರೆಯುತ್ತದೆ, ಇರಲಿ.

ತೂಕದ ಮಾಡೆಲ್ (ಡೇಟಾಬೇಸ್ ಟೇಬಲಿನ ವಿವರ) ಬರೆದು, ಅದರಲ್ಲಿನ ಬದಲಾವಣೆ ಹುಡುಕುವ ಮೇಕ್‌ಮೈಗ್ರೇಷನ್ಸ್ ಕಮಾಂಡ್ ಓಡಿಸಿದರೆ 'ನೋ ಚೇಂಜಸ್ ಡಿಟೆಕ್ಟೆಡ್' ಅಂತ ಬಂತು. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಸೆಟ್ಟಿಂಗ್ಸ್ ಫೈಲಿನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯಲ್ಲಿ ತೂಕದ ಮಾಡ್ಯೂಲಿನ ಹೆಸರೇ ಇರಲಿಲ್ಲ! ಅಲ್ಲಿ ಹೆಸರು ಬರೆಸದ ಮಾಡ್ಯೂಲ್ ಜ್ಯಾಂಗೋ ಕಣ್ಣಿಗೆ ಬೀಳುವುದೇ ಇಲ್ಲ.

ಆ ಪಟ್ಟಿಯಲ್ಲಿ ಹೆಸರುಗಳ ಪಾಳಿಯೂ ಮುಖ್ಯ. ತೂಕ, ಬಿಲ್ ಎರಡರಲ್ಲೂ 'ಪ್ರಿಂಟ್' ಅನ್ನುವ ಟೆಂಪ್ಲೇಟ್ (ಪುಟದ ಅಚ್ಚು) ಇಟ್ಟಿದ್ದೆ. ಬಿಲ್ ಒತ್ತಿದರೆ ತೂಕದ ಚೀಟಿ ಬರೋದು. ಪಾಳಿಯಲ್ಲಿ ಮುಂದೆ ನಿಂತವರದ್ದೇ ಮೊದಲು ಸಿಗುತ್ತದೆ. ಟೆಂಪ್ಲೇಟ್ಸ್ ಫೋಲ್ಡರಿನೊಳಗೆ ಮಾಡ್ಯೂಲಿನ ಹೆಸರಿನದೇ ಇನ್ನೊಂದು ಫೋಲ್ಡರ್ ಮಾಡಿದ ಮೇಲೆ ಸರಿಹೋಯಿತು.

ನಿಜವಾಗಿ ಕೈಕೊಟ್ಟಿದ್ದು ಮೆಸೇಜ್. ಪ್ರತಿ ಮಾಡ್ಯೂಲಿನ ಆ್ಯಪ್‌ಕಾನ್ಫಿಗ್‌ನಲ್ಲಿ (ಮಾಡ್ಯೂಲಿನ ವಿವರ ಇಡುವ ಕ್ಲಾಸ್) ರೆಡಿ ಅಂತ ಒಂದು ಮೆಥಡ್ ಇರುತ್ತದೆ. ಎಲ್ಲ ಮಾಡ್ಯೂಲ್ ಲೋಡ್ ಆದ ಮೇಲೆ ಜ್ಯಾಂಗೋ ಅದನ್ನು ಕರೆಯುತ್ತದೆ. ಒಳ್ಳೆ ಜಾಗ ಸಿಕ್ಕಿತು ಅಂತ, ಸಂಜೆ 7ಕ್ಕೆ ರೈತರಿಗೆ ಮೆಸೇಜ್ ಕಳಿಸುವ ಟೈಮರನ್ನು ಅಲ್ಲೇ ಶುರು ಮಾಡಿಸಿದೆ. ಪುಣ್ಯಕ್ಕೆ ಟೆಸ್ಟಿಗೆ ಹಾಕಿದ್ದು ನನ್ನ ಮತ್ತು ಕಾಕಾನ ನಂಬರ್ ಮಾತ್ರ. 'ಡಬ್ಬಿ, 12 ಚೀಲ' ಅಂತ ಮೆಸೇಜ್ ಬಂತು (ಡಬ್ಬಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಬಗೆ). ಹಿಂದೆಯೇ ಇನ್ನೊಂದು, ಅದೇ. ಕಾಕಾನ ಫೋನು.

"ಏನೋ ತಮ್ಮಾ, ಎರಡೆರಡು ಬಂದಾವಲ್ಲೋ. ರೈತ ಎರಡು ಸಲ ರೊಕ್ಕ ಕೇಳಾಕ ಬಂದ್ರ ನೀ ಕೊಡ್ತೀಯೇನು?"

ನಮ್ಮ ಕಂಪ್ಯೂಟರಿನಲ್ಲೇ ಸೈಟ್ ಓಡಿಸಿ ನೋಡುವ ರನ್‌ಸರ್ವರ್ ಕಮಾಂಡ್ ಕೊಟ್ಟಾಗ ಎರಡು ಪ್ರೋಸೆಸ್ ಏಳುತ್ತವೆ. ಒಂದು ಫೈಲ್ ಬದಲಾಯಿತಾ ಅಂತ ಕಾಯುತ್ತದೆ, ಇನ್ನೊಂದು ಸೈಟ್ ನಡೆಸುತ್ತದೆ. ರೆಡಿ ಎರಡರಲ್ಲೂ ಓಡುತ್ತದೆ. ಫೈಲ್ ಕಾಯುವ ಪ್ರೋಸೆಸ್ ಬೇಡ ಅನ್ನುವ ನೋರಿಲೋಡ್ ಆಯ್ಕೆ ಕೊಟ್ಟು ನೋಡಿದೆ, ಒಂದೇ ಮೆಸೇಜ್ ಬಂತು. ಅಷ್ಟಕ್ಕೇ ಬಿಟ್ಟುಬಿಡೋಣ ಅನಿಸಿತ್ತು. ಆದರೆ ಸರ್ವರಿನಲ್ಲಿ ಸೈಟ್ ನಡೆಸುವ ಗುನಿಕಾರ್ನ್ ಮೂರು ವರ್ಕರ್ (ಬೇರೆಬೇರೆ ಪ್ರೋಸೆಸ್) ಇಟ್ಟುಕೊಂಡು ಓಡುತ್ತದೆ. ಅಲ್ಲಿ ಮೂರು ಮೆಸೇಜ್ ಹೋಗುತ್ತಿದ್ದವು, ಅಲ್ವಾ?

ಟೈಮರನ್ನೇ ಕಿತ್ತು ಹಾಕಿದೆ. ಮೆಸೇಜ್ ಕಳಿಸುವುದನ್ನು ಒಂದು ಮ್ಯಾನೇಜ್‌ಮೆಂಟ್ ಕಮಾಂಡ್ (ಹೊರಗಿನಿಂದ ಕರೆದಾಗ ಮಾತ್ರ ಓಡುವ ಜ್ಯಾಂಗೋ ಕಮಾಂಡ್) ಮಾಡಿ, ಸಂಜೆ 7ಕ್ಕೆ ಕ್ರಾನ್‌ನಿಂದ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಸರ್ವರಿನ ವ್ಯವಸ್ಥೆ) ಓಡಿಸುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಮೆಸೇಜಿಗೆ ಒಂದು ಸ್ವಿಚ್ಚೂ ಇದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಯಾವಾಗಲೂ ಆಫ್. ರೆಡಿಯಲ್ಲಿ ಈಗ ಉಳಿದಿದ್ದು ಒಂದೇ ಸಾಲು, ಸಿಗ್ನಲ್ (ಏನಾದರೂ ಘಟಿಸಿದಾಗ ಓಡುವ ಕೋಡ್) ಫೈಲಿನ ಇಂಪೋರ್ಟ್. ಕಾಕಾ ಮಾತ್ರ ಇವತ್ತಿಗೂ ಸಂಜೆ 7 ದಾಟಿದ ಮೇಲೆ ಫೋನ್ ತೆಗೆದು ಎಷ್ಟು ಬಂದಿವೆ ಅಂತ ಎಣಿಸುತ್ತಾರೆ.