ಚೊಚ್ಚಲ ಗೂಢಚಾರಿ ಕಾದಂಬರಿಗೆ ಅಭಿಪ್ರಾಯ ಬರೆಯುವುದು ಹೇಗೆ?

ಓದುವಾಗಲೇ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ: ಯಾವ ಏಜೆಂಟ್ ಯಾರ ಕಡೆಯವನೆಂದು ಗೊಂದಲವಾಗಿ ಹಿಂದಕ್ಕೆ ತಿರುವಿದ್ದೆಲ್ಲಿ, ನಿದ್ದೆಗೆಟ್ಟು ಓದಿದ್ದೆಲ್ಲಿ. 'ಬೋರು' ಎಂದರೆ ಯಾರಿಗೂ ಉಪಯೋಗವಿಲ್ಲ. 'ಮೊದಲ 60 ಪುಟ ಬರೀ ಇಲಾಖೆಗಳ ಪರಿಚಯ' ಎಂದರೆ ಕೊಳ್ಳುವವರಿಗೆ ಅಂದಾಜು ಸಿಗುತ್ತದೆ. ಹೊಸ ಲೇಖಕರು ಎಡವುವುದೂ ಹೆಚ್ಚಾಗಿ ಇಲ್ಲೇ, ಕಲೆಹಾಕಿದ ಮಾಹಿತಿಯನ್ನೆಲ್ಲ ಪಾತ್ರಗಳ ಬಾಯಿಗೆ ತುರುಕಿ.

ಕಥಾಸಾರ ಮೂರು ವಾಕ್ಯ ಮೀರದಿರಲಿ. 'ಕೊನೆಯ ತಿರುವು ಊಹಿಸಲಾರಿರಿ' ಎಂದರೂ ಅರ್ಧ ಗುಟ್ಟು ರಟ್ಟಾದಂತೆಯೇ. ಎಲ್ಲರಿಗೂ ಗೊತ್ತಿರುವ ಇತಿಹಾಸಕ್ಕೆ ಈ ಕಟ್ಟುಪಾಡಿಲ್ಲ. 1971ರಲ್ಲಿ ಪ್ರಕಟವಾದ ಫ್ರೆಡರಿಕ್ ಫೋರ್ಸೈತ್ ಅವರ ಮೊದಲ ಕಾದಂಬರಿ 'ದ ಡೇ ಆಫ್ ದ ಜಾಕಲ್'ನಲ್ಲಿ ಹಂತಕನ ಗುರಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್. ಡಿ ಗಾಲ್ 1970ರಲ್ಲಿ ಸಹಜವಾಗಿ ತೀರಿಕೊಂಡದ್ದು ಓದುಗರಿಗೆ ಗೊತ್ತೇ ಇತ್ತು. ಅಂಥಲ್ಲಿ ನಕಲಿ ಪಾಸ್‌ಪೋರ್ಟ್ ಹೊಂದಿಸುವಂಥ ವಿವರಗಳು ಕುತೂಹಲವನ್ನು ಹೇಗೆ ಹಿಡಿದಿಟ್ಟವೆಂದು ಬರೆಯಿರಿ.

ಲೇಖಕರ ರಾಜಕೀಯ ಒಗ್ಗದಿದ್ದರೆ ಪ್ರತ್ಯೇಕವಾಗಿ ಹೇಳಿ, ಸ್ಟಾರ್ ಕತ್ತರಿಸಬೇಡಿ. ಪಾರ್ಸೆಲ್ ಹರಿದು ಬಂದದ್ದಕ್ಕಂತೂ ಬೇಡವೇ ಬೇಡ.