ಕಿಲಿಮಂಜಾರೋ ಏರಲು ದಾರಿಯನ್ನೂ ದಿನಗಳನ್ನೂ ಆರಿಸಿಕೊಳ್ಳುವ ಬಗೆ

ತಾಂಜಾನಿಯದ ಕಿಲಿಮಂಜಾರೋ ಪರ್ವತದ ಸಾಮಾನ್ಯ ದಾರಿಗಳಲ್ಲಿ ಹಗ್ಗ ಹಿಡಿದು ಬಂಡೆಯೇರುವ ಪರಿಣತಿ ಬೇಕಾಗುವುದಿಲ್ಲ. ನಡೆದೇ ಶಿಖರವನ್ನು ಮುಟ್ಟಬಹುದು. ಆದರೂ ಗಟ್ಟಿಮುಟ್ಟಾದವರು ಅರ್ಧದಿಂದ ಹಿಂದಿರುಗುವುದುಂಟು, ಏಕೆಂದರೆ ಅವರ ಕಾಲುಗಳು ಏರಿದ ವೇಗಕ್ಕೆ ಅವರ ರಕ್ತ ಮತ್ತು ಶ್ವಾಸ ಹೊಂದಿಕೊಂಡಿರುವುದಿಲ್ಲ. ಆದ್ದರಿಂದ ಸಾಮಾನುಗಳ ಪಟ್ಟಿಗಿಂತ ಮೊದಲು ದಿನಗಳ ಸಂಖ್ಯೆಯನ್ನು ನಿಶ್ಚಯಿಸಿಕೊಳ್ಳಬೇಕು.

ಸಮಭಾಜಕ ವೃತ್ತದಿಂದ ಸುಮಾರು 3 ಡಿಗ್ರಿ ದಕ್ಷಿಣಕ್ಕಿರುವ ಈ ಪರ್ವತ ಮೂರು ಜ್ವಾಲಾಮುಖಿಗಳು ಕೂಡಿ ಆದದ್ದು. ಪಶ್ಚಿಮದ ಶಿರಾ ಕುಸಿದು ಪ್ರಸ್ಥಭೂಮಿಯಾಗಿದೆ. ಪೂರ್ವದ ಮಾವೆಂಜಿ 5,149 ಮೀಟರ್ ಎತ್ತರದ ಕಡಿದಾದ ಬಂಡೆಯಾಗಿದ್ದು ನಡಿಗೆಯವರಿಗೆ ಎಟಕುವಂಥದ್ದಲ್ಲ. ನಡುವಿನ ಕಿಬೋದ ಅಂಚಿನಲ್ಲಿ 5,895 ಮೀಟರ್ ಎತ್ತರದ ಉಹುರು ಶಿಖರವಿದೆ. ಅಲ್ಲಿನ ಗಾಳಿಯಿಂದ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಅರ್ಧದಷ್ಟು ಮಾತ್ರ.

ಮರಾಂಗು ದಾರಿಯಲ್ಲಿ ಮಂದಾರಾ, ಹೊರೊಂಬೊ, ಕಿಬೋ ಎಂಬ ತಂಗುಮನೆಗಳು ಸುಮಾರು 2,700, 3,700 ಮತ್ತು 4,700 ಮೀಟರ್‌ಗಳಲ್ಲಿವೆ. ದಿನಕ್ಕೆ ಸಾವಿರ ಮೀಟರಿನಂತೆ ಏರುವ ಐದು ದಿನಗಳ ಯೋಜನೆ ಅವಸರದ್ದೆಂದೇ ನನ್ನ ಅಭಿಪ್ರಾಯ. ಹೊರೊಂಬೊದಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಲೇಸು. ಮಚಾಮೆ ಮತ್ತು ಲೆಮೊಶೋ ದಾರಿಗಳಲ್ಲಿ ಡೇರೆಯೇ ಗತಿಯಾದರೂ, ಹಗಲು ಸುಮಾರು 4,600 ಮೀಟರ್ ಎತ್ತರದ ಲಾವಾ ಟವರ್‌ವರೆಗೆ ಹೋಗಿ, ಮಲಗಲು ಬರಾಂಕೊ ಕಣಿವೆಗೆ ಆರುನೂರಕ್ಕೂ ಹೆಚ್ಚು ಮೀಟರ್ ಇಳಿಯುವುದರಿಂದ ದೇಹ ಎತ್ತರಕ್ಕೆ ಹೊಂದಿಕೊಳ್ಳುವ ಅನುಕೂಲವಿದೆ. ಬಿಡುವಿದ್ದವರು ಎಂಟು ದಿನಗಳ ಲೆಮೊಶೋವನ್ನೇ ಆರಿಸಿಕೊಳ್ಳಲಿ.

ಈ ಪರ್ವತದ ಮೊದಲ ಯಶಸ್ವಿ ಆರೋಹಣವೂ ಇದೇ ಪಾಠವನ್ನು ಕಲಿಸುತ್ತದೆ. 1887ರಲ್ಲಿ ಹಿಮದ ಗೋಡೆಯೆದುರು ಸೋತು ಮರಳಿದ ಜರ್ಮನ್ ಭೂಗೋಳಶಾಸ್ತ್ರಜ್ಞ ಹಾನ್ಸ್ ಮೆಯರ್, 1889ರಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಬಿಡಾರಗಳನ್ನು ಹೂಡಿ, ಅವುಗಳಿಗೆ ಆಹಾರ ತಲುಪುವ ಏರ್ಪಾಡು ಮಾಡಿದನು. ಹೀಗಾಗಿ ಒಂದು ಪ್ರಯತ್ನ ವಿಫಲವಾದರೂ ತಪ್ಪಲಿನವರೆಗೆ ಇಳಿಯದೆ ಮತ್ತೆ ಏರಲು ಸಾಧ್ಯವಾಗಿ, ಅವನೂ ಆಸ್ಟ್ರಿಯದ ಪರ್ವತಾರೋಹಿ ಲುಡ್ವಿಗ್ ಪುರ್ಟ್‌ಶೆಲ್ಲರನೂ ಅಕ್ಟೋಬರ್ 6ರಂದು ತುದಿಯನ್ನು ಮುಟ್ಟಿದರು.

ಜನವರಿಯಿಂದ ಮಾರ್ಚ್ ಆರಂಭದವರೆಗೆ, ಇಲ್ಲವೇ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೊರಡಬೇಕು. ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ಪರ್ವತವಿರುವ ರಾಷ್ಟ್ರೀಯ ಉದ್ಯಾನದೊಳಗೆ ಏರಲು ಅನುಮತಿಯಿಲ್ಲ. ಅವರು ಪದೇ ಪದೇ ಹೇಳುವ 'ಪೊಲೆ ಪೊಲೆ' ಎಂಬ ಸ್ವಾಹಿಲಿ ಮಾತಿಗೆ 'ನಿಧಾನ, ನಿಧಾನ' ಎಂದರ್ಥ. ಮಾತನಾಡುತ್ತಲೇ ನಡೆಯಬಲ್ಲಷ್ಟು ನಿಧಾನವೆಂದು ತಿಳಿಯಿರಿ. ತಲೆನೋವು, ವಾಕರಿಕೆ ಕಾಣಿಸಿದರೆ ಮುಚ್ಚಿಡದೆ ಅವರಿಗೆ ತಿಳಿಸಿ, ಅವು ಇಳಿಯುವವರೆಗೆ ಮೇಲೇರಬೇಡಿ. ನಡಿಗೆ ತೂರಾಡಿದರೆ, ಮಾತು ತೊದಲಿದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ತಕ್ಷಣ ಕೆಳಗಿಳಿಯಬೇಕು. ಎತ್ತರದ ಅಸ್ವಸ್ಥತೆಯನ್ನು ತಡೆಯಲು ಬಳಸುವ ಅಸೆಟಜೋಲಮೈಡ್ ಮಾತ್ರೆಯ ವಿಚಾರವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.

ಕೊನೆಯ ಏರು ಸಾಮಾನ್ಯವಾಗಿ ನಡುರಾತ್ರಿಯ ಹೊತ್ತಿಗೆ ಆರಂಭವಾಗುತ್ತದೆ. ಮರಾಂಗು ದಾರಿಯವರು 5,685 ಮೀಟರ್ ಎತ್ತರದ ಗಿಲ್ಮನ್ಸ್ ಪಾಯಿಂಟ್ ತಲುಪಿದ ಮೇಲೂ ಜ್ವಾಲಾಮುಖಿಯ ಅಂಚಿನುದ್ದಕ್ಕೂ ಒಂದೂವರೆ ಗಂಟೆಯಷ್ಟು ನಡೆಯಬೇಕಿರುವುದರಿಂದ, ಆ ನಡಿಗೆಗೂ ಬಳಿಕದ ದೀರ್ಘ ಇಳಿತಕ್ಕೂ ಶಕ್ತಿಯನ್ನು ಉಳಿಸಿಕೊಂಡಿರಬೇಕು. ಕೊಳವೆಯಿಂದ ಹೀರುವ ನೀರಿನ ಚೀಲ ಅಲ್ಲಿನ ಚಳಿಗೆ ಹೆಪ್ಪುಗಟ್ಟುತ್ತದೆ. ಅದರ ಬದಲು ಅಗಲ ಬಾಯಿಯ ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ, ತಲೆಕೆಳಗಾಗಿ ಇಟ್ಟುಕೊಂಡರೆ ಮಂಜುಗಡ್ಡೆ ತಳದ ಕಡೆಗೆ ಕಟ್ಟಿ, ಬಾಯಿಯ ಬಳಿ ಕುಡಿಯುವ ನೀರು ಉಳಿದಿರುತ್ತದೆ.