ಕಾಗೋಡು ಸತ್ಯಾಗ್ರಹ: ನೆನಪನ್ನೂ ಕಡತವನ್ನೂ ತಾಳೆ ನೋಡುವ ಬಗೆ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಜಮೀನಿನ ಒಡೆಯರ ವಿರುದ್ಧ ಸತ್ಯಾಗ್ರಹ ಮಾಡಿದರು. ಅದರ ಬಗ್ಗೆ ಆ ಊರಿನ ಸುತ್ತ ಮಾತಾಡಿಸುವಾಗ "ಯಾಕೆ ಹೋರಾಟ ಮಾಡಿದಿರಿ?" ಎಂದು ನಾನು ಕೇಳುವುದಿಲ್ಲ. ಕೇಳಿದರೆ ಭಾಷಣ ಸಿಗುತ್ತದೆ, ವಿವರ ಸಿಗುವುದಿಲ್ಲ. ಭತ್ತ ಅಳೆಯುವ ಕೊಳಗದಿಂದಲೇ ಶುರು ಮಾಡುತ್ತೇನೆ. ಮೂರು ಸೇರಿನದಾಗಿರಬೇಕಾದ ಕೊಳಗ ಗೇಣಿ ಅಳೆಯುವಾಗ ದೊಡ್ಡದಾಗುತ್ತಿತ್ತು. ಸಾಗರ ತಾಲ್ಲೂಕಿನ ದೀವರ ಸಮುದಾಯದ ಗೇಣಿದಾರರ ಸಿಟ್ಟಿನ ಬುಡ ಅದು. ಅಳೆಯುತ್ತಿದ್ದವರು ಯಾರು, ಕಣದಲ್ಲೋ ಜಮೀನಿನ ಒಡೆಯರ ಅಂಗಳದಲ್ಲೋ, ಹೊರುವ ಕೂಲಿ ಯಾರದು ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಂಗಸರನ್ನು ಬೇರೆಯಾಗಿ, ಮನೆಯ ಗಂಡಸರು ಇಲ್ಲದಾಗ ಕೇಳಬೇಕು. ದಸ್ತಗಿರಿಯಾದವರ ಮನೆ ನಡೆದದ್ದು ಹೇಗೆಂದು ಅವರಿಗೇ ಗೊತ್ತು.

1951ರಲ್ಲಿ ಇಪ್ಪತ್ತರವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಸಿಗುವವರು ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳು. ಹಾಗಾಗಿ ಪ್ರತಿ ಹೇಳಿಕೆಯ ಪಕ್ಕ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಅಲ್ಲೇ ಬರೆದುಕೊಳ್ಳುತ್ತೇನೆ. ಆಮೇಲೆ ಬರೆಯುತ್ತೇನೆಂದರೆ ಎರಡೂ ಕಲಸಿಹೋಗುತ್ತವೆ. ಇಸವಿ ಕೇಳಿ ಪ್ರಯೋಜನವಿಲ್ಲ. ಸಂವತ್ಸರದ ಹೆಸರು ಕೇಳುತ್ತೇನೆ: ಖರ ಸಂವತ್ಸರ ಎಂದರೆ 1951-52. ಅದೂ ನೆನಪಿಲ್ಲದವರಿಗೆ ಸತ್ಯಾಗ್ರಹಕ್ಕೆ ಬಂದ ಸಮಾಜವಾದಿ ನಾಯಕ ಲೋಹಿಯಾ ದಸ್ತಗಿರಿಯಾದದ್ದಕ್ಕೆ ಮುಂಚೆಯೋ ಆಮೇಲೋ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುವ ಮೊದಲೋ ಎಂದು ಕೇಳಿದರೆ ಕಾಲ ಸಿಕ್ಕುತ್ತದೆ.

ಕಾಗದಪತ್ರಗಳಲ್ಲಿ ನಾನು ಹೆಚ್ಚು ನಂಬುವುದು ಗೇಣಿದಾರರ ಹಕ್ಕನ್ನು ತೀರ್ಮಾನಿಸಿದ ಭೂ ನ್ಯಾಯಮಂಡಳಿಯ ಕಡತಗಳನ್ನು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಂತೆ ಗೇಣಿ ಜಮೀನು 1974ರ ಮಾರ್ಚ್ 1ಕ್ಕೆ ಸರ್ಕಾರಕ್ಕೆ ಸೇರಿತು. ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಡಿಕ್ಲರೇಷನ್ ಕೊಟ್ಟರು. ಗೇಣಿ ಚೀಟಿ, ಅಕ್ಕಪಕ್ಕದ ಜಮೀನಿನವರ ಸಾಕ್ಷಿ, ಒಡೆಯರ ತಕರಾರು ಒಂದೇ ಕಡತದಲ್ಲಿರುತ್ತವೆ. ಆದರೆ ಅದು ಕೇಸು ಗೆಲ್ಲಲು ಹೇಳಿದ ಮಾತು. ಉಳುಮೆಯ ವರ್ಷಗಳು ಗೇಣಿದಾರರ ಮಾತಿನಲ್ಲಿ ಹಿಗ್ಗಿರುತ್ತವೆ, ಒಡೆಯರ ಮಾತಿನಲ್ಲಿ ಮಾಯವಾಗಿರುತ್ತವೆ.

ಕಡತ ಹುಡುಕಲು ಪಹಣಿಯಿಂದ ಹಿಂದಕ್ಕೆ ನಡೆಯಬೇಕು. 9ನೇ ಕಾಲಮ್ಮಿನಲ್ಲಿ ಮಾಲೀಕ, 10ರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಷನ್ ನಂಬರು. ಆ ನಂಬರು ಹಿಡಿದು ಮ್ಯುಟೇಷನ್ ರಿಜಿಸ್ಟರ್ ನೋಡಿದರೆ ನ್ಯಾಯಮಂಡಳಿಯ ಆದೇಶದ ಸಂಖ್ಯೆ ಸಿಗುತ್ತದೆ. ಅದನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕು. ಜಮೀನು ಪಾಲಾಗಿ ಹಿಸ್ಸೆಯಾಗಿದ್ದರೆ ಹೊಸ ನಂಬರು ದಾರಿ ತಪ್ಪಿಸುತ್ತದೆ. ಹಿಸ್ಸೆಗೆ ಮುಂಚಿನ ಸರ್ವೆ ನಂಬರು ಕೈಯಲ್ಲಿರಲಿ.

ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಚಳವಳಿಯ ಎಲ್ಲ ದಾಖಲೆ ಕೊಡಿ" ಎಂದರೆ 'ಲಭ್ಯವಿಲ್ಲ' ಎಂಬ ಒಂದು ಸಾಲು ಬರುತ್ತದೆ. ಗ್ರಾಮ, ಸರ್ವೆ ನಂಬರು, ಆದೇಶದ ಸಂಖ್ಯೆ ಬರೆದು, ಮೊದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಜೆರಾಕ್ಸ್ ಆಮೇಲೆ. ಗೌಪ್ಯ ಎಂದು ನಿರಾಕರಿಸಿದರೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮು ತೋರಿಸಿ. ಇಪ್ಪತ್ತು ವರ್ಷ ಹಳೆಯ ಸಂಗತಿಗೆ ಮಾಹಿತಿ ಕೊಡದಿರಲು ಇರುವ ವಿನಾಯಿತಿಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ.

ಹೆಸರುಗಳದ್ದು ಬೇರೆಯೇ ತೊಡಕು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ. ತಂದೆಯ ಹೆಸರು, ಮನೆತನ, ಊರು ಮೂರೂ ಕೂಡದೆ ಕಡತದ ವ್ಯಕ್ತಿಯನ್ನೂ ನೆನಪಿನ ವ್ಯಕ್ತಿಯನ್ನೂ ನಾನು ಒಬ್ಬರೆಂದು ಬರೆಯುವುದಿಲ್ಲ.